ಹತ್ತು ವಿಂಡೋ ತೆರೆದಿದ್ದರೂ ಬೇಕಾದದ್ದು ಕೈಗೆ ಸಿಗಲಿ

ನಾನು ಆರು ವರ್ಷ ಅರ್ಜಿ ತುಂಬುವ ಅಂಗಡಿಯಲ್ಲಿ ಕೆಲಸ ಮಾಡಿದ್ದೇನೆ. ಜೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ, ಎಲ್ಲ ಒಂದೇ ಟೇಬಲ್ ಮೇಲೆ. ಒಂದು ಸಲ ವಿದ್ಯಾರ್ಥಿವೇತನದ ಅರ್ಜಿ ಹಾಕಿಸಲು ಒಂದೇ ಮನೆಯ ಅಕ್ಕ ತಂಗಿ ಬಂದರು. ಹೊರಗೆ ಜನ ನಿಂತಿದ್ದರು. ಬೇಗ ಮುಗಿಯಲಿ ಅಂತ ಒಂದೇ ಬ್ರೌಸರ್‌ನಲ್ಲಿ ಎರಡು ವಿಂಡೋ ತೆರೆದೆ. ಮೊದಲನೆಯದರಲ್ಲಿ ಅಕ್ಕನ ಲಾಗಿನ್, ಎರಡನೆಯದರಲ್ಲಿ ತಂಗಿಯದು. ಆಮೇಲೆ ಅಕ್ಕನ ವಿಂಡೋಗೆ ವಾಪಸ್ ಬಂದು ಬ್ಯಾಂಕ್ ಖಾತೆ ನಂಬರ್ ಹೊಡೆದು ಸೇವ್ ಒತ್ತಿದೆ. ಪುಟದ ಮೇಲೆ ಅಕ್ಕನ ಹೆಸರೇ ಇತ್ತು. ಪ್ರಿಂಟ್ ತೆಗೆದಾಗ ನೋಡಿದರೆ ಅಕ್ಕನ ಖಾತೆ ನಂಬರ್ ತಂಗಿಯ ಅರ್ಜಿಯಲ್ಲಿ ಕೂತಿತ್ತು. ಅದನ್ನು ಸರಿ ಮಾಡಿಸಲು ಆ ಮಕ್ಕಳು ಎರಡು ವಾರ ಓಡಾಡಿದರು. ನೆನಪಾದರೆ ಇವತ್ತಿಗೂ ನನಗೆ ಕಸಿವಿಸಿ ಆಗುತ್ತದೆ.

ಹೀಗೆ ಯಾಕೆ ಆಯಿತು ಅಂತ ಮುಂದೆ ಬಿಡಿಸಿ ಹೇಳುತ್ತೇನೆ. ಅವತ್ತು ನಾನು ಕಲಿತದ್ದು ಇಷ್ಟು. ಹತ್ತು ವಿಂಡೋ ತೆರೆದಿರಲಿ, ಇಪ್ಪತ್ತು ತೆರೆದಿರಲಿ, ಬೆರಳು ಈಗ ಎಲ್ಲಿ ಬರೆಯುತ್ತಿದೆ ಅಂತ ಪ್ರತಿ ಕ್ಷಣ ಗೊತ್ತಿರಬೇಕು. ಇಲ್ಲಿ ಬರೆದಿರುವ ಪ್ರತಿಯೊಂದು ಹಂತವೂ ಅದಕ್ಕೋಸ್ಕರವೇ. ಅಂಗಡಿಯಲ್ಲಿ ಇರುವವರಿಗೆ, ಕಚೇರಿಯಲ್ಲಿ ಎಕ್ಸೆಲ್ ಜೊತೆ ದಿನ ಕಳೆಯುವವರಿಗೆ, ಮನೆಯಲ್ಲಿ ಕೂತು ಅನುವಾದ ಮಾಡುವವರಿಗೆ, ಎಲ್ಲರಿಗೂ ಇದು ಬೇಕು. ನಾನು ಹೇಳುವುದು ಮುಖ್ಯವಾಗಿ ವಿಂಡೋಸ್ 10 ಮತ್ತು 11ರ ವಿಷಯ. ಲಿನಕ್ಸ್, ಮ್ಯಾಕ್ ಬಗ್ಗೆ ಕೊನೆಯ ಹತ್ತಿರ ನಾಲ್ಕು ಮಾತು ಇದೆ.

ಮೊದಲು, ಯಾವುದು ಎದುರಿಗಿದೆ ಅಂತ ಕಣ್ಣಿಗೆ ಕಾಣಬೇಕು

ತೆರೆ ಮೇಲೆ ಎಷ್ಟು ವಿಂಡೋ ಕಂಡರೂ ಕೀಬೋರ್ಡ್‌ನ ಅಕ್ಷರ ಹೋಗುವುದು ಒಂದಕ್ಕೆ ಮಾತ್ರ. ಅದನ್ನು ಆ್ಯಕ್ಟಿವ್ ವಿಂಡೋ ಅನ್ನುತ್ತಾರೆ. ತೊಂದರೆ ಏನೆಂದರೆ, ಹೊಸ ವಿಂಡೋಸ್‌ನಲ್ಲಿ ಎಲ್ಲ ವಿಂಡೋಗಳ ತಲೆಪಟ್ಟಿಯೂ, ಅಂದರೆ ಮೇಲಂಚಿನ ಟೈಟಲ್ ಬಾರ್, ಬೆಳ್ಳಗೆ ಒಂದೇ ಥರ ಇರುತ್ತದೆ. ಎರಡು ವಿಂಡೋ ಪಕ್ಕಪಕ್ಕ ಇಟ್ಟಾಗ ಯಾವುದು ಎಚ್ಚರ ಇದೆ, ಯಾವುದು ಸುಮ್ನೆ ಕೂತಿದೆ ಅಂತ ಗೊತ್ತೇ ಆಗುವುದಿಲ್ಲ.

ಇದಕ್ಕೆ ಒಂದು ಸೆಟ್ಟಿಂಗ್ ಇದೆ. ವಿಂಡೋಸ್ ಕೀ ಮತ್ತು ಐ ಒಟ್ಟಿಗೆ ಒತ್ತಿ. ಸೆಟ್ಟಿಂಗ್ಸ್ ತೆರೆಯುತ್ತದೆ. ಪರ್ಸನಲೈಸೇಷನ್‌ಗೆ ಹೋಗಿ, ಅಲ್ಲಿ ಕಲರ್ಸ್ ಆರಿಸಿ. ಪುಟವನ್ನು ಕೆಳಗೆ ಇಳಿಸಿದರೆ ಟೈಟಲ್ ಬಾರ್‌ಗೂ ವಿಂಡೋ ಅಂಚಿಗೂ ಆಕ್ಸೆಂಟ್ ಬಣ್ಣ ಹಚ್ಚುವ ಆಯ್ಕೆ ಸಿಗುತ್ತದೆ. ಅದನ್ನು ಆನ್ ಮಾಡಿ. ಬಣ್ಣ ನಿಮ್ಮಿಷ್ಟ. ನಾನು ಗಾಢ ಕಿತ್ತಳೆ ಇಟ್ಟುಕೊಂಡಿದ್ದೇನೆ, ದೂರದಿಂದಲೂ ಕಾಣುತ್ತದೆ. ಇನ್ನು ಮೇಲೆ ನೀವು ಕೆಲಸ ಮಾಡುತ್ತಿರುವ ವಿಂಡೋದ ತಲೆ ಮಾತ್ರ ಬಣ್ಣದಲ್ಲಿರುತ್ತದೆ, ಬೇರೆಯವು ಮಂಕಾಗಿರುತ್ತವೆ. ಕೆಲವು ಪ್ರೋಗ್ರಾಮ್‌ಗಳು ಈ ಮಾತು ಕೇಳದೆ ತಮ್ಮದೇ ಬಣ್ಣ ಹಚ್ಚಿಕೊಳ್ಳುತ್ತವೆ. ಆದರೂ ಈ ಒಂದು ಬದಲಾವಣೆ ನನ್ನ ಎಷ್ಟೋ ತಪ್ಪು ತಪ್ಪಿಸಿದೆ. ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಅಂದರೆ ಇದನ್ನೇ ಮಾಡಿ.

ಎರಡನೆಯದು ಕೆಳಗಿನ ಟಾಸ್ಕ್‌ಬಾರ್. 1995ರಲ್ಲಿ ವಿಂಡೋಸ್ 95 ಜೊತೆ ಬಂದದ್ದು ಇದು, ಆಗ ಪ್ರತಿ ವಿಂಡೋಗೂ ಹೆಸರು ಬರೆದ ಒಂದೊಂದು ಪಟ್ಟಿ ಇರುತ್ತಿತ್ತು. ಈಗ ಒಂದೇ ಪ್ರೋಗ್ರಾಮ್‌ನ ಐದು ವಿಂಡೋ ತೆರೆದರೂ ಒಂದೇ ಚಿತ್ರ ಕಾಣುತ್ತದೆ. ಐದು ವರ್ಡ್ ಕಡತ ತೆರೆದವರಿಗೆ ಇದು ನಿಜವಾದ ಕಾಟ. 2021ರಲ್ಲಿ ವಿಂಡೋಸ್ 11 ಬಂದಾಗ ಹೆಸರು ತೋರಿಸುವ ಆಯ್ಕೆಯನ್ನೇ ತೆಗೆದುಬಿಟ್ಟಿದ್ದರು. 2023ರಲ್ಲಿ ವಾಪಸ್ ಕೊಟ್ಟರು. ಪರ್ಸನಲೈಸೇಷನ್ ಒಳಗೆ ಟಾಸ್ಕ್‌ಬಾರ್, ಅದರೊಳಗೆ ಟಾಸ್ಕ್‌ಬಾರ್ ಬಿಹೇವಿಯರ್ಸ್. ಅಲ್ಲಿ ಬಟನ್‌ಗಳನ್ನು ಒಟ್ಟುಗೂಡಿಸುವ ಆಯ್ಕೆಗೆ ನೆವರ್ ಅಂತ ಕೊಡಿ. ಈಗ ಪ್ರತಿ ಕಡತದ ಹೆಸರೂ ಕೆಳಗೆ ಬೇರೆ ಬೇರೆ ಕಾಣುತ್ತದೆ. ತೆರೆ ಚಿಕ್ಕದಿದ್ದರೆ ಟಾಸ್ಕ್‌ಬಾರ್ ತುಂಬಿದಾಗ ಮಾತ್ರ ಒಟ್ಟುಗೂಡಿಸು ಅನ್ನುವ ನಡುವಿನ ಆಯ್ಕೆಯೂ ಇದೆ.

ಹೆಸರು ಕಾಣಬೇಕು ಅಂದರೆ ಕಡತಕ್ಕೆ ಹೆಸರು ಇರಬೇಕು, ಅಲ್ವಾ? ಡಾಕ್ಯುಮೆಂಟ್1, ಡಾಕ್ಯುಮೆಂಟ್2 ಅಂತ ಬಿಟ್ಟರೆ ಟಾಸ್ಕ್‌ಬಾರ್ ಏನು ಮಾಡೀತು. ಹೊಸ ಕಡತ ತೆರೆದ ತಕ್ಷಣ, ಒಂದು ಸಾಲು ಬರೆಯುವ ಮೊದಲೇ ಹೆಸರು ಕೊಟ್ಟು ಸೇವ್ ಮಾಡಿ. ಹೆಸರಿನ ಮೊದಲ ಪದದಲ್ಲೇ ವ್ಯತ್ಯಾಸ ಇರಲಿ. ಟಾಸ್ಕ್‌ಬಾರ್‌ನಲ್ಲಿ ಕಾಣುವುದು ಮೊದಲ ಕೆಲವು ಅಕ್ಷರ ಮಾತ್ರ. ‘ಬಾಡಿಗೆ ಕರಾರು - ಅಂಗಡಿ’, ‘ಬಾಡಿಗೆ ಕರಾರು - ಮನೆ’ ಅಂತ ಇಟ್ಟರೆ ಎರಡೂ ಒಂದೇ ಥರ ಕಾಣುತ್ತವೆ. ‘ಅಂಗಡಿ ಕರಾರು’, ‘ಮನೆ ಕರಾರು’ ಅಂತ ಇಟ್ಟರೆ ಸಾಕು.

ಒಂದರಿಂದ ಇನ್ನೊಂದಕ್ಕೆ ಹೋಗುವುದು

ಆಲ್ಟ್ ಮತ್ತು ಟ್ಯಾಬ್ ಎಲ್ಲರಿಗೂ ಗೊತ್ತು. ಆದರೆ ಅದರ ಲೆಕ್ಕ ಎಲ್ಲರಿಗೂ ಗೊತ್ತಿಲ್ಲ. ಅದು ವಿಂಡೋಗಳನ್ನು ನೀವು ತೆರೆದ ಕ್ರಮದಲ್ಲಿ ಇಡುವುದಿಲ್ಲ, ಕೊನೆಗೆ ಬಳಸಿದ ಕ್ರಮದಲ್ಲಿ ಇಡುತ್ತದೆ. ಹಾಗಾಗಿ ಆಲ್ಟ್ ಹಿಡಿದು ಟ್ಯಾಬ್ ಒಮ್ಮೆ ತಟ್ಟಿ ಎರಡೂ ಬಿಟ್ಟರೆ ಈಗಷ್ಟೇ ಬಿಟ್ಟು ಬಂದ ವಿಂಡೋಗೆ ಹೋಗುತ್ತೀರಿ. ಮತ್ತೆ ತಟ್ಟಿದರೆ ಇಲ್ಲಿಗೇ ವಾಪಸ್. ಎರಡು ವಿಂಡೋ ಮಧ್ಯೆ ನಕಲು ಮಾಡುವ ಕೆಲಸಕ್ಕೆ ಇದಕ್ಕಿಂತ ಬೇಗದ್ದು ಯಾವುದೂ ಇಲ್ಲ. ಮೂರನೆಯದು ಬೇಕಿದ್ದರೆ ಆಲ್ಟ್ ಬಿಡದೆ ಟ್ಯಾಬ್ ಎರಡು ಸಲ. ಮುಂದೆ ಹೋಗಿಬಿಟ್ಟರೆ ಶಿಫ್ಟ್ ಸೇರಿಸಿ, ಹಿಂದೆ ಬರುತ್ತದೆ.

ಬೆರಳು ನೋವಿರುವವರಿಗೆ, ಒಂದು ಕೈಯಲ್ಲಿ ಕೆಲಸ ಮಾಡುವವರಿಗೆ ಆಲ್ಟ್ ಒತ್ತಿ ಹಿಡಿಯುವುದು ಕಷ್ಟ. ಕಂಟ್ರೋಲ್, ಆಲ್ಟ್, ಟ್ಯಾಬ್ ಮೂರೂ ಒಮ್ಮೆ ಒತ್ತಿ ಬಿಡಿ. ವಿಂಡೋಗಳ ಪಟ್ಟಿ ತೆರೆ ಮೇಲೆ ಹಾಗೇ ನಿಲ್ಲುತ್ತದೆ. ಬಾಣದ ಕೀಗಳಿಂದ ಬೇಕಾದದ್ದಕ್ಕೆ ಹೋಗಿ ಎಂಟರ್ ಒತ್ತಿ.

ಆಲ್ಟ್ ಟ್ಯಾಬ್ ಒತ್ತಿದಾಗ ಬ್ರೌಸರ್‌ನ ಟ್ಯಾಬ್‌ಗಳೂ ಬೇರೆ ವಿಂಡೋಗಳ ಥರ ಸಾಲಾಗಿ ಬರುತ್ತಿವೆಯಾ? ಎಡ್ಜ್ ಬಳಸುವವರಿಗೆ ಹೀಗಾಗುತ್ತದೆ. ನನಗೆ ಇದು ಬರೀ ಗೊಂದಲ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಮಲ್ಟಿಟಾಸ್ಕಿಂಗ್‌ಗೆ ಹೋಗಿ ಟ್ಯಾಬ್ ತೋರಿಸಬೇಡ ಅಂತ ಆರಿಸಿ. ಬ್ರೌಸರ್ ಒಳಗಿನ ಟ್ಯಾಬ್‌ಗಳಿಗೆ ಕಂಟ್ರೋಲ್ ಟ್ಯಾಬ್ ಬೇರೆ ಇದ್ದೇ ಇದೆ.

ದಿನವೂ ಬಳಸುವ ನಾಲ್ಕೈದು ಪ್ರೋಗ್ರಾಮ್‌ಗಳನ್ನು ಟಾಸ್ಕ್‌ಬಾರ್‌ಗೆ ಪಿನ್ ಮಾಡಿ (ಮುಚ್ಚಿದರೂ ಚಿತ್ರ ಅಲ್ಲೇ ಉಳಿಯುವ ಹಾಗೆ), ಒಂದೇ ಕ್ರಮದಲ್ಲಿ ಇಟ್ಟುಕೊಳ್ಳಿ. ಆಮೇಲೆ ವಿಂಡೋಸ್ ಕೀ ಹಿಡಿದು 1 ಒತ್ತಿದರೆ ಎಡಗಡೆಯ ಮೊದಲನೆಯದು, 2 ಒತ್ತಿದರೆ ಎರಡನೆಯದು. ತೆರೆದಿರದಿದ್ದರೆ ತೆರೆಯುತ್ತದೆ, ತೆರೆದಿದ್ದರೆ ಎದುರಿಗೆ ಬರುತ್ತದೆ. ನನ್ನಲ್ಲಿ 1 ಫೈಲ್ ಎಕ್ಸ್‌ಪ್ಲೋರರ್, 2 ಬ್ರೌಸರ್, 3 ವರ್ಡ್, 4 ಎಕ್ಸೆಲ್. ಒಂದು ವಾರ ರೂಢಿ ಮಾಡಿದರೆ ಬೆರಳೇ ಹೋಗುತ್ತದೆ, ಕಣ್ಣು ಟಾಸ್ಕ್‌ಬಾರ್ ಹುಡುಕುವುದಿಲ್ಲ.

ಯಾರಾದರೂ ಹತ್ತಿರ ಬಂದರು, ಎದುರಿಗಿರುವುದನ್ನು ಮರೆ ಮಾಡಬೇಕು. ಅಥವಾ ಡೆಸ್ಕ್‌ಟಾಪ್ ಮೇಲಿನ ಕಡತ ಬೇಕು. ವಿಂಡೋಸ್ ಕೀ ಮತ್ತು ಡಿ ಒತ್ತಿ, ಎಲ್ಲವೂ ಕೆಳಗೆ ಇಳಿಯುತ್ತದೆ. ಮತ್ತೆ ಅದನ್ನೇ ಒತ್ತಿದರೆ ಎಲ್ಲವೂ ಇದ್ದ ಜಾಗಕ್ಕೆ ಬರುತ್ತದೆ. ಮಧ್ಯದಲ್ಲಿ ಬೇರೆ ವಿಂಡೋ ತೆರೆದರೆ ಮಾತ್ರ ಆ ವಾಪಸ್ ದಾರಿ ತಪ್ಪುತ್ತದೆ, ನೆನಪಿರಲಿ. ಎದುರಿಗಿರುವುದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇಳಿಯಬೇಕೆಂದರೆ ವಿಂಡೋಸ್ ಕೀ ಮತ್ತು ಹೋಮ್.

ಪಕ್ಕಪಕ್ಕ ಇಟ್ಟು ಕೆಲಸ ಮಾಡುವುದು

1985ರ ನವೆಂಬರ್‌ನಲ್ಲಿ ಮೊದಲ ವಿಂಡೋಸ್ ಬಂದಾಗ ಅದರಲ್ಲಿ ಒಂದು ವಿಂಡೋ ಮೇಲೆ ಇನ್ನೊಂದು ಬರುತ್ತಲೇ ಇರಲಿಲ್ಲ. ನೆಲಕ್ಕೆ ಟೈಲ್ಸ್ ಹಾಕಿದ ಹಾಗೆ ಪಕ್ಕಪಕ್ಕವೇ ಕೂರಬೇಕಿತ್ತು. 1987ರ ಎರಡನೇ ಆವೃತ್ತಿಯಲ್ಲಿ ಒಂದರ ಮೇಲೊಂದು ಹೇರುವ ಅನುಕೂಲ ಬಂತು. ಅದು ಬಂದ ಮೇಲೆ ಜನ ಪಕ್ಕಪಕ್ಕ ಇಡುವುದನ್ನೇ ಮರೆತರು. 2009ರ ವಿಂಡೋಸ್ 7ರಲ್ಲಿ ಸ್ನ್ಯಾಪ್ ಅಂತ ಅದು ವಾಪಸ್ ಬಂತು. ನನ್ನ ಕೇಳಿದರೆ ಇಡೀ ವಿಂಡೋಸ್‌ನಲ್ಲಿ ಇಷ್ಟು ಉಪಯೋಗದ ಸಂಗತಿ ಬೇರೆ ಇಲ್ಲ. ಎರಡೂ ಕಣ್ಣೆದುರು ಇದ್ದಾಗ ತಪ್ಪು ವಿಂಡೋಗೆ ಹೋಗುವ ಸಂದರ್ಭವೇ ಕಡಿಮೆ.

ಒಂದು ಉದಾಹರಣೆ ತೆಗೆದುಕೊಳ್ಳಿ. ಸ್ಕ್ಯಾನ್ ಮಾಡಿದ ಅಂಕಪಟ್ಟಿ ನೋಡಿಕೊಂಡು ಅರ್ಜಿ ತುಂಬಬೇಕು. ಬ್ರೌಸರ್ ವಿಂಡೋದಲ್ಲಿ ನಿಂತು ವಿಂಡೋಸ್ ಕೀ ಹಿಡಿದು ಬಲ ಬಾಣ ಒತ್ತಿ. ಅದು ತೆರೆಯ ಬಲ ಅರ್ಧಕ್ಕೆ ಅಂಟಿಕೊಳ್ಳುತ್ತದೆ. ಎಡ ಅರ್ಧದಲ್ಲಿ ಉಳಿದ ವಿಂಡೋಗಳು ಚಿಕ್ಕದಾಗಿ ಕಾಣುತ್ತವೆ. ಅಂಕಪಟ್ಟಿಯ ಮೇಲೆ ಕ್ಲಿಕ್ ಮಾಡಿ. ಅದು ಎಡಕ್ಕೆ ಕೂರುತ್ತದೆ. ಈಗ ಎರಡರ ನಡುವಿನ ಗೆರೆ ಮೇಲೆ ಮೌಸ್ ಇಟ್ಟು ಎಳೆಯಿರಿ. ಅರ್ಜಿಗೆ ಜಾಸ್ತಿ ಜಾಗ, ಅಂಕಪಟ್ಟಿಗೆ ಕಡಿಮೆ ಅಂತ ನಿಮಗೆ ಬೇಕಾದ ಹಾಗೆ ಹಂಚಬಹುದು. ಒಂದು ಹಿಗ್ಗಿದರೆ ಇನ್ನೊಂದು ತಾನಾಗಿ ಕುಗ್ಗುತ್ತದೆ.

ಅಂಕಪಟ್ಟಿಯನ್ನು ಕೆಳಗೆ ಸರಿಸಬೇಕೇ? ಅದರ ಮೇಲೆ ಕ್ಲಿಕ್ ಮಾಡಬೇಡಿ. ಮೌಸ್‌ನ ಬಾಣ ಅದರ ಮೇಲೆ ಸುಮ್ನೆ ಇಟ್ಟು ಚಕ್ರ ತಿರುಗಿಸಿ. ಅಂಕಪಟ್ಟಿ ಸರಿಯುತ್ತದೆ, ಟೈಪ್ ಮಾಡುವ ಜಾಗ ಮಾತ್ರ ಅರ್ಜಿಯಲ್ಲೇ ಇರುತ್ತದೆ. ವಿಂಡೋಸ್ 10 ಬಂದ ಮೇಲೆ ಈ ಸೌಕರ್ಯ ಸಿಕ್ಕಿತು. ನಿಮ್ಮಲ್ಲಿ ಆಗುತ್ತಿಲ್ಲವೆಂದರೆ ಮೌಸ್ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಟಿವ್ ಅಲ್ಲದ ವಿಂಡೋಗಳನ್ನೂ ಸ್ಕ್ರೋಲ್ ಮಾಡುವ ಆಯ್ಕೆ ಆಫ್ ಆಗಿದೆ ಅಂತ ಅರ್ಥ. ಆನ್ ಮಾಡಿ.

ನಾಲ್ಕು ವಿಂಡೋ ಬೇಕಿದ್ದರೆ ವಿಂಡೋಸ್ ಕೀ ಹಿಡಿದೇ ಎಡ ಬಾಣ, ಆಮೇಲೆ ಮೇಲ್ ಬಾಣ. ಎಡ ಮೇಲಿನ ಕಾಲು ಭಾಗಕ್ಕೆ ಹೋಗುತ್ತದೆ. ವಿಂಡೋಸ್ 11ರಲ್ಲಿ ವಿಂಡೋಸ್ ಕೀ ಮತ್ತು ಝಡ್ ಒತ್ತಿದರೆ ಜೋಡಣೆಯ ನಕ್ಷೆಗಳೇ ಬರುತ್ತವೆ, ಬೇಕಾದ್ದು ಆರಿಸಬಹುದು. ಮ್ಯಾಕ್ಸಿಮೈಸ್ ಬಟನ್ ಮೇಲೆ ಮೌಸ್ ಇಟ್ಟರೂ ಅವೇ ಕಾಣುತ್ತವೆ. ಆದರೆ ಹದಿನೈದು ಇಂಚಿನ ಲ್ಯಾಪ್‌ಟಾಪ್‌ನಲ್ಲಿ ನಾಲ್ಕು ಭಾಗ ಮಾಡಿದರೆ ಅಕ್ಷರ ಕಾಣುವುದಿಲ್ಲ. ಎರಡೇ ಸಾಕು.

ಒಂದೇ ಸೈಟ್, ಇಬ್ಬರ ಲಾಗಿನ್

ಈಗ ಅಕ್ಕ ತಂಗಿಯ ಅರ್ಜಿಗೆ ಬರೋಣ. ನಾನು ತಂಗಿಯ ವಿಂಡೋದಲ್ಲಿ ತಪ್ಪಾಗಿ ಟೈಪ್ ಮಾಡಿರಲಿಲ್ಲ. ಅಕ್ಕನ ವಿಂಡೋದಲ್ಲೇ ಇದ್ದೆ. ಆದರೂ ತಪ್ಪಾಯಿತು.

ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟರೆ ಟೋಕನ್ ಕೊಡುತ್ತಾರಲ್ಲ, ಸೈಟ್‌ಗಳೂ ಹಾಗೇ. ಲಾಗಿನ್ ಆದಾಗ ಸೈಟ್ ಬ್ರೌಸರ್ ಕೈಗೆ ಒಂದು ಟೋಕನ್ ಕೊಡುತ್ತದೆ. ಅದಕ್ಕೆ ಕುಕೀ ಅಂತ ಹೆಸರು. ಆಮೇಲೆ ಪ್ರತಿ ಸಲ ಸೇವ್ ಒತ್ತಿದಾಗ ಬ್ರೌಸರ್ ಆ ಟೋಕನ್ ತೋರಿಸುತ್ತದೆ, ಸೈಟ್ ಅದನ್ನು ನೋಡಿ ಇದು ಇಂಥವರ ಅರ್ಜಿ ಅಂತ ತಿಳಿಯುತ್ತದೆ. ನೀವು ಎರಡು ವಿಂಡೋ ತೆರೆದರೂ ಬ್ರೌಸರ್ ಒಂದೇ, ಅದರ ಜೇಬೂ ಒಂದೇ. ತಂಗಿ ಲಾಗಿನ್ ಆದ ತಕ್ಷಣ ಅಕ್ಕನ ಟೋಕನ್ ಜಾಗದಲ್ಲಿ ತಂಗಿಯದು ಬಂತು. ಅಕ್ಕನ ವಿಂಡೋದಲ್ಲಿ ಹಳೆಯ ಪುಟ ಹಾಗೇ ಕಾಣುತ್ತಿತ್ತು, ಆದರೆ ಸೇವ್ ಒತ್ತಿದಾಗ ಹೋದದ್ದು ತಂಗಿಯ ಟೋಕನ್. ಹೆಚ್ಚಿನ ಸೈಟ್‌ಗಳು ಕೆಲಸ ಮಾಡುವುದೇ ಹೀಗೆ. ಇಬ್ಬರ ಇಮೇಲ್, ಇಬ್ಬರ ಬ್ಯಾಂಕ್, ಇಬ್ಬರ ತೆರಿಗೆ, ಎಲ್ಲ ಕಡೆಯೂ ಹುಷಾರಾಗಿರಬೇಕು.

ಇದಕ್ಕೆ ಮದ್ದು ಜೇಬನ್ನೇ ಬೇರೆ ಮಾಡುವುದು. ಒಬ್ಬರದನ್ನು ಮಾಮೂಲಿ ವಿಂಡೋದಲ್ಲಿ ತೆರೆಯಿರಿ. ಇನ್ನೊಬ್ಬರದನ್ನು ಖಾಸಗಿ ವಿಂಡೋದಲ್ಲಿ ತೆರೆಯಿರಿ. ಕ್ರೋಮ್ ಮತ್ತು ಎಡ್ಜ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎನ್ ಒಟ್ಟಿಗೆ ಒತ್ತಿದರೆ ಅದು ಬರುತ್ತದೆ. ಫೈರ್‌ಫಾಕ್ಸ್‌ನಲ್ಲಿ ಎನ್ ಬದಲು ಪಿ. ಇಲ್ಲಿ ತುಂಬ ಜನ ಎಡವುತ್ತಾರೆ: ಖಾಸಗಿ ವಿಂಡೋ ಮೂರು ತೆರೆದರೂ ಆ ಮೂರಕ್ಕೂ ಜೇಬು ಒಂದೇ. ಹಾಗಾಗಿ ಈ ಉಪಾಯದಲ್ಲಿ ಇಬ್ಬರ ಕೆಲಸ ಮಾತ್ರ ಆಗುತ್ತದೆ. ಮೂರನೆಯವರಿಗೆ ಬೇರೆ ಬ್ರೌಸರ್ ತೆರೆಯಿರಿ.

ದಿನವೂ ಇದೇ ಕೆಲಸ ಇರುವವರು ಪ್ರೊಫೈಲ್ ಮಾಡಿಕೊಳ್ಳಿ. ಬ್ರೌಸರ್‌ನ ಮೇಲ್ಭಾಗದಲ್ಲಿ ಒಂದು ದುಂಡನೆ ಚಿತ್ರ ಇರುತ್ತದೆ. ಅದನ್ನು ಒತ್ತಿ ಹೊಸ ಪ್ರೊಫೈಲ್ ಸೇರಿಸಿ, ಹೆಸರು ಕೊಡಿ, ಬೇರೆ ಬಣ್ಣ ಕೊಡಿ. ಒಂದೊಂದು ಪ್ರೊಫೈಲ್‌ಗೂ ಅದರದ್ದೇ ಜೇಬು, ಅದರದ್ದೇ ಬಣ್ಣದ ವಿಂಡೋ. ಹಸಿರು ವಿಂಡೋ ಅಂಗಡಿಯದು, ನೀಲಿ ಮನೆಯದು ಅಂತ ಇಟ್ಟುಕೊಂಡರೆ ತಪ್ಪು ಜಾಗದಲ್ಲಿ ಕೈಯಿಟ್ಟಾಗ ಕಣ್ಣೇ ತಡೆಯುತ್ತದೆ.

ಇಷ್ಟೆಲ್ಲ ಇದ್ದರೂ ನಾನು ಈಗ ಒಬ್ಬರ ಅರ್ಜಿ ಪೂರ್ತಿ ಮುಗಿಸಿ, ಲಾಗ್‌ಔಟ್ ಮಾಡಿ, ಆಮೇಲೆ ಇನ್ನೊಬ್ಬರದು ತೆಗೆಯುತ್ತೇನೆ. ಸಾಲು ಎಷ್ಟೇ ಉದ್ದ ಇರಲಿ.

ಕನ್ನಡ ಎಲ್ಲಿ, ಇಂಗ್ಲಿಷ್ ಎಲ್ಲಿ

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ಕಷ್ಟ ಇದೆ. ಇಂಗ್ಲಿಷ್‌ನಲ್ಲಿ ಬರೆದ ಮಾರ್ಗದರ್ಶಿಗಳಲ್ಲಿ ಇದರ ಮಾತು ಬರುವುದೇ ಅಪರೂಪ. ವರ್ಡ್‌ನಲ್ಲಿ ಕನ್ನಡ ಪತ್ರ ಬರೆಯುತ್ತಿರುತ್ತೀರಿ. ಮಧ್ಯೆ ಬ್ರೌಸರ್‌ಗೆ ಹೋಗಿ ಪಾಸ್‌ವರ್ಡ್ ಹೊಡೆಯುತ್ತೀರಿ. ತಪ್ಪು ಅನ್ನುತ್ತದೆ. ಮತ್ತೆ ಹೊಡೆಯುತ್ತೀರಿ, ಮತ್ತೆ ತಪ್ಪು. ಪಾಸ್‌ವರ್ಡ್ ಜಾಗದಲ್ಲಿ ಬರೀ ಚುಕ್ಕೆ ಕಾಣುವುದರಿಂದ ಒಳಗೆ ಕನ್ನಡ ಅಕ್ಷರ ಬೀಳುತ್ತಿದೆ ಅಂತ ತಿಳಿಯುವುದಿಲ್ಲ. ಮೂರನೇ ಸಲಕ್ಕೆ ಖಾತೆಯೇ ಲಾಕ್ ಆಗಬಹುದು.

ವಿಂಡೋಸ್‌ನ ಸ್ವಂತ ಕನ್ನಡ ಕೀಬೋರ್ಡ್ ಬಳಸುವವರಿಗೆ ಇದಕ್ಕೆ ಒಳ್ಳೆಯ ಪರಿಹಾರ ಇದೆ. ಸೆಟ್ಟಿಂಗ್ಸ್‌ನಲ್ಲಿ ಟೈಮ್ ಆ್ಯಂಡ್ ಲ್ಯಾಂಗ್ವೇಜ್, ಅದರೊಳಗೆ ಟೈಪಿಂಗ್, ಕೆಳಗೆ ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್. ವಿಂಡೋಸ್ 10ರಲ್ಲಿ ಟೈಪಿಂಗ್ ಪುಟ ಡಿವೈಸಸ್ ಒಳಗೆ ಇರುತ್ತದೆ. ಅಲ್ಲಿ ಪ್ರತಿ ಆ್ಯಪ್ ವಿಂಡೋಗೂ ಬೇರೆ ಬೇರೆ ಇನ್‌ಪುಟ್ ಮೆಥಡ್ ಬಳಸಲು ಬಿಡುವ ಒಂದು ಚೌಕ ಇದೆ. ಅದಕ್ಕೆ ಟಿಕ್ ಹಾಕಿ. ಈಗ ವರ್ಡ್‌ನಲ್ಲಿ ನಿಂತು ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಕನ್ನಡ ಮಾಡಿಕೊಳ್ಳಿ. ಬ್ರೌಸರ್‌ಗೆ ಹೋಗಿ ಇಂಗ್ಲಿಷ್ ಮಾಡಿ. ಆಮೇಲೆ ಎಷ್ಟು ಸಲ ಅತ್ತಿತ್ತ ಓಡಾಡಿದರೂ ವರ್ಡ್‌ನಲ್ಲಿ ಕನ್ನಡ, ಬ್ರೌಸರ್‌ನಲ್ಲಿ ಇಂಗ್ಲಿಷ್ ಹಾಗೇ ಇರುತ್ತದೆ. ಟಾಸ್ಕ್‌ಬಾರ್‌ನ ಬಲ ಮೂಲೆಯಲ್ಲಿ ಈಗ ಯಾವ ಭಾಷೆ ಅಂತ ಗುರುತು ಕಾಣುತ್ತದೆ. ಪಾಸ್‌ವರ್ಡ್ ಹೊಡೆಯುವ ಮೊದಲು ಒಮ್ಮೆ ಅಲ್ಲಿ ಕಣ್ಣು ಹಾಯಿಸಿ.

ಬೇರೆ ಕನ್ನಡ ತಂತ್ರಾಂಶ ಹಾಕಿಕೊಂಡವರಿಗೆ ಈ ಸೆಟ್ಟಿಂಗ್ ಕೆಲಸ ಮಾಡುತ್ತದೆ ಅಂತ ನಂಬಿ ಕೂರಬೇಡಿ. ಅವು ಭಾಷೆ ಬದಲಿಸುವುದು ತಮ್ಮದೇ ಕೀಯಿಂದ. ಅಂಥವರು ಪಾಸ್‌ವರ್ಡ್ ಪಕ್ಕದ ಕಣ್ಣಿನ ಚಿತ್ರ ಒತ್ತಿ, ಬಿದ್ದ ಅಕ್ಷರ ನೋಡಿ ಮುಂದುವರಿಯುವುದು ಒಳ್ಳೆಯದು. ಪಕ್ಕದಲ್ಲಿ ಬೇರೆಯವರು ಇಲ್ಲದಾಗ ಮಾತ್ರ.

ಎರಡು ಕೆಲಸಕ್ಕೆ ಎರಡು ಡೆಸ್ಕ್‌ಟಾಪ್

ಅಡುಗೆಮನೆಯಲ್ಲಿ ಹೋಳಿಗೆ ಮಾಡುವ ದಿನ ಸಾರಿನ ಪಾತ್ರೆಗಳನ್ನು ಒಂದು ಕಡೆ ಸರಿಸಿ ಇಡುತ್ತಾರೆ. ಕಂಪ್ಯೂಟರ್‌ನಲ್ಲೂ ಹಾಗೆ ಸರಿಸಿ ಇಡಬಹುದು. ವಿಂಡೋಸ್ ಕೀ, ಕಂಟ್ರೋಲ್, ಡಿ ಮೂರೂ ಒತ್ತಿ. ಏನೂ ತೆರೆದಿರದ ಹೊಸ ಡೆಸ್ಕ್‌ಟಾಪ್ ಬರುತ್ತದೆ. ಹಳೆಯ ವಿಂಡೋಗಳು ಎಲ್ಲೂ ಹೋಗಿಲ್ಲ, ಮೊದಲ ಡೆಸ್ಕ್‌ಟಾಪ್‌ನಲ್ಲಿ ಹಾಗೇ ಇವೆ. ವಿಂಡೋಸ್ ಕೀ ಮತ್ತು ಕಂಟ್ರೋಲ್ ಹಿಡಿದು ಎಡ ಬಲ ಬಾಣ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದು.

ವಿಂಡೋಸ್ ಕೀ ಮತ್ತು ಟ್ಯಾಬ್ ಒತ್ತಿದರೆ ಎಲ್ಲ ಡೆಸ್ಕ್‌ಟಾಪ್‌ಗಳೂ ಒಂದೇ ನೋಟಕ್ಕೆ ಸಿಗುತ್ತವೆ. ಹೆಸರಿನ ಮೇಲೆ ಕ್ಲಿಕ್ ಮಾಡಿ ‘ಲೆಕ್ಕ’, ‘ಪತ್ರ’ ಅಂತ ಹೆಸರು ಬದಲಿಸಿ. ಯಾವುದಾದರೂ ವಿಂಡೋವನ್ನು ಎಳೆದು ಬೇರೆ ಡೆಸ್ಕ್‌ಟಾಪ್‌ಗೆ ಹಾಕಿ. ವಿಂಡೋಸ್ 11ರಲ್ಲಿ ಪ್ರತಿ ಡೆಸ್ಕ್‌ಟಾಪ್‌ಗೂ ಬೇರೆ ವಾಲ್‌ಪೇಪರ್ ಇಡಬಹುದು. ಅದು ಅಲಂಕಾರಕ್ಕಲ್ಲ, ಎಲ್ಲಿದ್ದೀರಿ ಅಂತ ತಿಳಿಯುವುದಕ್ಕೆ ಇಡಿ. ಆಲ್ಟ್ ಟ್ಯಾಬ್ ಒತ್ತಿದಾಗ ಈ ಡೆಸ್ಕ್‌ಟಾಪ್‌ನ ವಿಂಡೋಗಳು ಮಾತ್ರ ಬರುತ್ತವೆ. ಲೆಕ್ಕ ಬರೆಯುವಾಗ ಮನೆಯ ಫೋಟೋಗಳು ಅಡ್ಡ ಬರುವುದಿಲ್ಲ.

ವಿಂಡೋಸ್ ಕೀ, ಕಂಟ್ರೋಲ್, ಎಫ್4 ಒತ್ತಿದರೆ ಎದುರಿಗಿರುವ ಡೆಸ್ಕ್‌ಟಾಪ್ ಮುಚ್ಚುತ್ತದೆ. ಅದರೊಳಗಿನ ವಿಂಡೋಗಳು ಮುಚ್ಚುವುದಿಲ್ಲ, ಪಕ್ಕದ ಡೆಸ್ಕ್‌ಟಾಪ್‌ಗೆ ಹೋಗಿ ಸೇರುತ್ತವೆ. ಹೆದರಿಕೆ ಬೇಡ. ಆದರೆ ಆಲ್ಟ್ ಮತ್ತು ಎಫ್4 ಬೇರೆ. ಅದು ವಿಂಡೋವನ್ನೇ ಮುಚ್ಚುತ್ತದೆ.

ತೆರೆದಿದೆ, ಆದರೆ ಕಾಣುತ್ತಿಲ್ಲ

ಎರಡನೇ ಮಾನಿಟರ್ ಅಥವಾ ಪ್ರೊಜೆಕ್ಟರ್ ಬಳಸಿ ಅದರ ಕೇಬಲ್ ತೆಗೆದ ಮೇಲೆ ಹೀಗಾಗುವುದು ಉಂಟು. ಟಾಸ್ಕ್‌ಬಾರ್‌ನಲ್ಲಿ ಚಿತ್ರ ಇದೆ, ಒತ್ತಿದರೆ ತೆರೆ ಮೇಲೆ ಏನೂ ಬರುವುದಿಲ್ಲ. ವಿಂಡೋ ಈಗ ಇಲ್ಲದ ಮಾನಿಟರ್‌ನ ಜಾಗದಲ್ಲಿ ಕೂತಿರುತ್ತದೆ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಲು ಹೋಗಬೇಡಿ, ಸೇವ್ ಮಾಡದ ಕೆಲಸ ಅದರಲ್ಲಿರಬಹುದು.

1. ಆಲ್ಟ್ ಟ್ಯಾಬ್‌ನಿಂದ ಆ ವಿಂಡೋವನ್ನು ಆರಿಸಿ. ಕಾಣದಿದ್ದರೂ ಈಗ ಅದೇ ಆ್ಯಕ್ಟಿವ್.
2. ವಿಂಡೋಸ್ ಕೀ, ಶಿಫ್ಟ್, ಎಡ ಬಾಣ ಒತ್ತಿ. ವಿಂಡೋ ಮಾನಿಟರ್‌ನಿಂದ ಮಾನಿಟರ್‌ಗೆ ಜಿಗಿಯುತ್ತದೆ. ಎಷ್ಟೋ ಸಲ ಇಲ್ಲಿಗೇ ಕೆಲಸ ಆಗುತ್ತದೆ.
3. ಬರದಿದ್ದರೆ ಆಲ್ಟ್ ಮತ್ತು ಸ್ಪೇಸ್ ಒತ್ತಿ, ಆಮೇಲೆ ಎಂ ಒತ್ತಿ. ವಿಂಡೋ ಸರಿಸುವ ಸ್ಥಿತಿಗೆ ಬರುತ್ತದೆ.
4. ಯಾವುದಾದರೂ ಬಾಣದ ಕೀ ಒಮ್ಮೆ ಒತ್ತಿ, ಮೌಸ್ ಅಲ್ಲಾಡಿಸಿ. ವಿಂಡೋ ಮೌಸ್‌ನ ಬಾಣಕ್ಕೆ ಅಂಟಿಕೊಂಡು ಬರುತ್ತದೆ. ಬೇಕಾದ ಜಾಗದಲ್ಲಿ ಕ್ಲಿಕ್ ಮಾಡಿ ಬಿಡಿ.

ಮ್ಯಾಕ್ಸಿಮೈಸ್ ಆಗಿರುವ ವಿಂಡೋಗೆ ಮೂರನೇ ಹಂತ ನಡೆಯುವುದಿಲ್ಲ. ಆಗ ಎಂ ಬದಲು ಆರ್ ಒತ್ತಿ ಮೊದಲಿನ ಅಳತೆಗೆ ತಂದು, ಮತ್ತೆ ಪ್ರಯತ್ನಿಸಿ.

ಬ್ರೌಸರ್ ಟ್ಯಾಬ್ ಕೈತಪ್ಪಿ ಮುಚ್ಚಿದರೆ ಕಂಟ್ರೋಲ್, ಶಿಫ್ಟ್, ಟಿ ಒತ್ತಿ, ವಾಪಸ್ ಬರುತ್ತದೆ. ಅರ್ಧ ತುಂಬಿದ ಅರ್ಜಿಯ ಅಕ್ಷರಗಳು ಬರುತ್ತವೆ ಅಂತ ಮಾತ್ರ ನೆಚ್ಚಿಕೊಳ್ಳಬೇಡಿ. ಖಾಸಗಿ ವಿಂಡೋದಲ್ಲಿ ಮುಚ್ಚಿದ್ದು ಹೋಯಿತು ಅಂತಲೇ ತಿಳಿಯಿರಿ.

ನಿಧಾನ ಆದಾಗ

ತೆರೆದಿಟ್ಟ ಪ್ರತಿ ವಿಂಡೋ ಮೆಮೊರಿ ತಿನ್ನುತ್ತದೆ. ಮಿನಿಮೈಸ್ ಮಾಡಿದರೆ ಕಣ್ಣಿಗೆ ಮರೆ, ಅಷ್ಟೇ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಮೆಮೊರಿ ಅನ್ನುವ ತಲೆಬರಹ ಒತ್ತಿ, ಜಾಸ್ತಿ ತಿನ್ನುವುದು ಮೇಲಕ್ಕೆ ಬರುತ್ತದೆ. ಸಾಮಾನ್ಯವಾಗಿ ಅದು ಬ್ರೌಸರ್. 4 ಜಿಬಿ ಮೆಮೊರಿಯ ಯಂತ್ರದಲ್ಲಿ ಮೂವತ್ತು ಟ್ಯಾಬ್ ಇಟ್ಟುಕೊಂಡು ಎಕ್ಸೆಲ್ ಓಡಲಿ ಅಂದರೆ ಆಗುವುದಿಲ್ಲ. ಬೇಕಾದ ಪುಟಗಳನ್ನು ಬುಕ್‌ಮಾರ್ಕ್ ಮಾಡಿ ಟ್ಯಾಬ್ ಮುಚ್ಚಿ.

ಯಾವುದಾದರೂ ವಿಂಡೋ ಬೆಳ್ಳಗಾಗಿ, ತಲೆಪಟ್ಟಿಯಲ್ಲಿ ನಾಟ್ ರೆಸ್ಪಾಂಡಿಂಗ್ ಅಂತ ಬಂದರೆ ತಕ್ಷಣ ಕೊಲ್ಲಬೇಡಿ. ದೊಡ್ಡ ಎಕ್ಸೆಲ್ ಕಡತ ಸೇವ್ ಆಗುವಾಗಲೂ ಹಾಗೆ ಕಾಣುತ್ತದೆ. ಎರಡು ಮೂರು ನಿಮಿಷ ಬಿಡಿ, ಅದರ ಮೇಲೆ ಕ್ಲಿಕ್ ಮಾಡುತ್ತಾ ಕೂರಬೇಡಿ. ಆಮೇಲೂ ಅಲುಗದಿದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಅದನ್ನು ಆರಿಸಿ ಎಂಡ್ ಟಾಸ್ಕ್ ಕೊಡಿ.

ಲಿನಕ್ಸ್, ಮ್ಯಾಕ್ ಬಳಸುವವರಿಗೆ

ಮ್ಯಾಕ್‌ನಲ್ಲಿ ಕಮಾಂಡ್ ಮತ್ತು ಟ್ಯಾಬ್ ಪ್ರೋಗ್ರಾಮ್‌ನಿಂದ ಪ್ರೋಗ್ರಾಮ್‌ಗೆ ಹೋಗುತ್ತದೆ, ವಿಂಡೋದಿಂದ ವಿಂಡೋಗಲ್ಲ. ಒಂದೇ ಪ್ರೋಗ್ರಾಮ್‌ನ ವಿಂಡೋಗಳ ನಡುವೆ ಹೋಗಲು ಕಮಾಂಡ್ ಹಿಡಿದು ಟ್ಯಾಬ್‌ನ ಮೇಲಿರುವ ಕೀ ಒತ್ತಬೇಕು. ಎಲ್ಲ ವಿಂಡೋ ಹರಡಿ ನೋಡಲು ಕಂಟ್ರೋಲ್ ಮತ್ತು ಮೇಲ್ ಬಾಣ. ಗ್ನೋಮ್ ಡೆಸ್ಕ್‌ಟಾಪ್ ಇರುವ ಲಿನಕ್ಸ್‌ನಲ್ಲಿ ವಿಂಡೋಸ್ ಕೀ ಒಂದೇ ಒತ್ತಿದರೆ ಎಲ್ಲವೂ ಹರಡಿ ಕಾಣುತ್ತದೆ. ಲಿನಕ್ಸ್‌ನ ಒಂದು ಸೌಕರ್ಯ ನನಗೆ ತುಂಬ ಇಷ್ಟ. ಸಾಮಾನ್ಯವಾಗಿ ತಲೆಪಟ್ಟಿಯ ಮೇಲೆ ಬಲ ಕ್ಲಿಕ್ ಮಾಡಿದರೆ ಈ ವಿಂಡೋ ಸದಾ ಎಲ್ಲಕ್ಕಿಂತ ಮೇಲೆ ಇರಲಿ ಅನ್ನುವ ಆಯ್ಕೆ ಸಿಗುತ್ತದೆ. ಕ್ಯಾಲ್ಕುಲೇಟರ್ ಹಾಗೆ ಇಟ್ಟುಕೊಳ್ಳಲು ಚೆನ್ನ. ವಿಂಡೋಸ್‌ನಲ್ಲಿ ಇದು ಬೇಕಿದ್ದರೆ ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಪವರ್‌ಟಾಯ್ಸ್ ಅನ್ನುವ ಪ್ರೋಗ್ರಾಮ್ ಹಾಕಿಕೊಂಡು ವಿಂಡೋಸ್ ಕೀ, ಕಂಟ್ರೋಲ್, ಟಿ ಒತ್ತಿ.

ಸಂಜೆ ಎಲ್ಲ ಮುಚ್ಚುವಾಗ

ಬೇರೆಯವರ ಕೆಲಸ ಮಾಡಿಕೊಡುವವರು ಇದನ್ನು ತಪ್ಪಿಸಬಾರದು. ವಿಂಡೋಸ್ ಕೀ ಮತ್ತು ಟ್ಯಾಬ್ ಒತ್ತಿ ಎಲ್ಲ ಡೆಸ್ಕ್‌ಟಾಪ್‌ಗಳನ್ನೂ ಒಂದು ಸಲ ನೋಡಿ. ಮಿನಿಮೈಸ್ ಆಗಿ ಮರೆತುಹೋದ ಲಾಗಿನ್ ಇದ್ದರೆ ಅಲ್ಲಿ ಕಾಣುತ್ತದೆ. ಮೊದಲು ಲಾಗ್‌ಔಟ್, ಆಮೇಲೆ ಕ್ಲೋಸ್. ಖಾಸಗಿ ವಿಂಡೋಗಳಲ್ಲಿ ಒಂದನ್ನು ಬಿಟ್ಟರೂ ಜೇಬು ಖಾಲಿ ಆಗುವುದಿಲ್ಲ, ಎಲ್ಲವನ್ನೂ ಮುಚ್ಚಬೇಕು.

ಕೊನೆಗೆ ವಿಂಡೋಸ್ ಕೀ ಮತ್ತು ವಿ ಒತ್ತಿ. ಕ್ಲಿಪ್‌ಬೋರ್ಡ್ ಹಿಸ್ಟರಿ ಆನ್ ಇದ್ದರೆ ನೀವು ಇವತ್ತು ಕಾಪಿ ಮಾಡಿದ್ದರಲ್ಲಿ ಕೊನೆಯ 25ರವರೆಗೆ ಅಲ್ಲಿ ಸಾಲಾಗಿ ಕೂತಿರುತ್ತವೆ. ಒಬ್ಬರ ಆಧಾರ್ ನಂಬರ್, ಇನ್ನೊಬ್ಬರ ಖಾತೆ ನಂಬರ್, ಮತ್ತೊಬ್ಬರ ಫೋನ್ ನಂಬರ್. ಕ್ಲಿಯರ್ ಆಲ್ ಒತ್ತಿ. ಪಿನ್ ಮಾಡಿದ್ದು ಅಷ್ಟಕ್ಕೇ ಹೋಗುವುದಿಲ್ಲ, ಅದನ್ನು ಒಂದೊಂದಾಗಿ ಅಳಿಸಿ. ಆಮೇಲೆ ಯಂತ್ರ ಆಫ್ ಮಾಡಿ.